ಒರಳಿನಿಂದ ಸನ್ನೆಕೋಲಿಗೆ

ಎಲುಬುಗಳು ಒಂದರೊಡನೊಂದು ಹೇಗೆ ಕೂಡಿವೆ ಎಂಬುದೂ, ಹೀಗೆ ಕೂಡಿದವು ಹೇಗೆ ಚಲಿಸುತ್ತವೆ ಎಂಬುದೂ ಮೇಲುನೋಟಕ್ಕೆ ಒಂದೇ ಪ್ರಶ್ನೆಯೆಂದು ತೋರುತ್ತದೆ. ಆದರೆ ಶರೀರಶಾಸ್ತ್ರದ ಚರಿತ್ರೆಯಲ್ಲಿ ಮೊದಲನೆಯದಕ್ಕೆ ಉತ್ತರ ದೊರೆತು ಶತಮಾನಗಳು ಕಳೆದ ಮೇಲೆಯೇ ಎರಡನೆಯದಕ್ಕೆ ಲೆಕ್ಕ ಸಿಕ್ಕಿತು.

ಸುಶ್ರುತ ಸಂಹಿತೆಯ ಶಾರೀರಸ್ಥಾನವು ದೇಹದಲ್ಲಿ 210 ಸಂಧಿಗಳನ್ನು ಎಣಿಸುತ್ತದೆ: ಕೈಕಾಲುಗಳಲ್ಲಿ 68, ನಡುಮೈಯಲ್ಲಿ 59, ಕೊರಳಿನಿಂದ ಮೇಲೆ 83. ಇವುಗಳಿಗೆ ಅದು ಕೊಡುವ ಎಂಟು ಹೆಸರುಗಳಲ್ಲಿ ಹಲವು ಮನೆಯಂಗಳದಿಂದಲೇ ಬಂದವು. ಕಂಕುಳು, ತೊಡೆಸಂದುಗಳದು ಉಲೂಖಲ, ಎಂದರೆ ಒರಳು. ತಲೆಬುರುಡೆಯದು ತುನ್ನಸೇವನೀ, ಬಟ್ಟೆಯ ಹೊಲಿಗೆ. ದವಡೆಯದು ವಾಯಸತುಂಡ, ಕಾಗೆಯ ಕೊಕ್ಕು. ಪಾರಿಭಾಷಿಕ ಶಬ್ದವೆಂದೊಡನೆ ಮಕ್ಕಳು ಬೆದರುವ ನಮ್ಮ ತರಗತಿಗಳಲ್ಲಿ ಈ ಹೆಸರುಗಳ ಬಗೆಯನ್ನು ನಾವು ಉಪಾಧ್ಯಾಯರು ಗಮನಿಸಬೇಕು. ಒರಳನ್ನು ಕಂಡ ಹುಡುಗನಿಗೆ ತೊಡೆಯ ಕೀಲನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಆದರೆ ಹಲ್ಲನ್ನೂ ಸುಶ್ರುತ ಒರಳಿನ ಗುಂಪಿಗೇ ಸೇರಿಸಿದ್ದಾನೆ. ಹಲ್ಲು ತೋಳಿನಂತೆ ತಿರುಗುವುದೆ? ಚಲಿಸುವ ಸಂಧಿ, ಸ್ಥಿರ ಸಂಧಿ ಎಂಬ ಭೇದವನ್ನು ಆತ ಬೇರೆಯಾಗಿ ಹೇಳಿದ್ದರೂ, ಈ ಎಂಟು ಹೆಸರುಗಳು ಆಕಾರವನ್ನು ನೋಡಿ ಇಟ್ಟವು. ಇದಕ್ಕೆ ಕಾರಣ ಆತನ ಪರೀಕ್ಷಾವಿಧಾನವೇ ಇರಬಹುದೆಂದು ನಮಗೆ ತೋರುತ್ತದೆ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಕುಂಚದಿಂದ ಮೆಲ್ಲನೆ ತಿಕ್ಕುತ್ತ ಪದರಪದರವಾಗಿ ನೋಡಬೇಕೆಂಬುದು ಆತನ ವಿಧಿ. ಹಾಗೆ ಕೊಳೆತ ದೇಹದಲ್ಲಿ ಕೀಲಿನ ಆಕಾರ ಉಳಿಯುತ್ತದೆ. ಅದನ್ನು ಎಳೆಯುವ ಮಾಂಸಖಂಡದ ಕೆಲಸ ಕಾಣುವುದಿಲ್ಲ.

ಯುರೋಪಿನಲ್ಲಿಯೂ ಬಹುಕಾಲ ಎಣಿಕೆಯದೇ ವಿವಾದ. ಕೆಳದವಡೆ ಎರಡು ಎಲುಬೆಂದ ಗ್ಯಾಲೆನ್ನನ ಮಾತನ್ನು ವೆಸೇಲಿಯಸ್ 1543ರ ತನ್ನ ಗ್ರಂಥದಲ್ಲಿ ತಳ್ಳಿಹಾಕಿ, ಅದು ಒಂದೇ ಎಂದು ತೋರಿಸಿದನು.

ಚಲನೆಯ ಲೆಕ್ಕವನ್ನು ಹಿಡಿದವನು ವೈದ್ಯನಿಗಿಂತ ಹೆಚ್ಚಾಗಿ ಗಣಿತಜ್ಞನಾಗಿದ್ದ ಇಟಲಿಯ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಆತನ ಗ್ರಂಥ, ಆತ 1679ರಲ್ಲಿ ತೀರಿಕೊಂಡ ಮೇಲೆ, 1680-81ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಸ್ವಲ್ಪ ಬಲದಿಂದ ಹೆಚ್ಚು ಭಾರವನ್ನೆತ್ತುವುದು ಸನ್ನೆಕೋಲಿನ ಗುಣವೆಂದು ನಾವು ಪಾಠ ಹೇಳುತ್ತೇವೆ. ದೇಹದ ಸನ್ನೆಕೋಲುಗಳು ಹೆಚ್ಚಾಗಿ ಇದಕ್ಕೆ ವಿರುದ್ಧ ಎಂದು ಬೊರೆಲ್ಲಿ ಕಂಡನು. ಮೊಣಕೈಯನ್ನು ಮಡಿಸಿ ಅಂಗೈಯಲ್ಲಿ 1 ಕಿಲೋಗ್ರಾಂ ತೂಕವನ್ನು ಹಿಡಿಯೋಣ. ಕೀಲಿನಿಂದ ಅಂಗೈಗೆ ಸುಮಾರು 35 ಸೆಂಟಿಮೀಟರ್; ತೋಳಿನ ಮಾಂಸಖಂಡ ಅಂಟಿಕೊಂಡಿರುವುದು ಕೀಲಿನಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿ. ಆದುದರಿಂದ ಮುಂಗೈಯ ಭಾರವನ್ನು ಬಿಟ್ಟರೂ ಆ ಮಾಂಸಖಂಡ 7 ಕಿಲೋಗ್ರಾಂನಷ್ಟು ಎಳೆಯಬೇಕು. ಬಾಗಿಲನ್ನು ಬಿಜಾಗರಿಯ ಹತ್ತಿರ ತಳ್ಳಿ ನೋಡಿದ ಯಾವ ಬಾಲಕನಿಗೂ ಈ ಕಷ್ಟ ಗೊತ್ತು. ಇದು ನಷ್ಟದ ವ್ಯಾಪಾರವೂ ಅಲ್ಲ. ಮಾಂಸಖಂಡ 1 ಸೆಂಟಿಮೀಟರ್ ಕುಗ್ಗಿದರೆ ಅಂಗೈ ಸುಮಾರು 7 ಸೆಂಟಿಮೀಟರ್ ಸರಿಯುತ್ತದೆ. ಬಲವನ್ನು ತೆತ್ತು ದೇಹ ವೇಗವನ್ನು ಕೊಂಡಿದೆ.

ಇಷ್ಟು ಒತ್ತಡ ಬಿದ್ದೂ ಕೀಲುಗಳು ಬೇಗನೆ ಸವೆಯದಿರುವುದೇಕೆ? ಇಲ್ಲಿ ಮತ್ತೆ ಸುಶ್ರುತನ ಕಡೆಗೆ ತಿರುಗಬೇಕು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಗಾಲಿ ಉರುಳುವಂತೆ ಶ್ಲೇಷ್ಮದಿಂದ ಸಂಧಿಗಳು ಸುಗಮವಾಗಿ ಚಲಿಸುತ್ತವೆಂದು ಆತ ಹೇಳಿದ್ದಾನೆ. ಗಾಡಿಗೂ ದೇಹಕ್ಕೂ ಕೀಲು ಎಂಬ ಒಂದೇ ಪದವನ್ನು ಬಳಸುವ ಕನ್ನಡಿಗರಿಗೆ ಕೀಲೆಣ್ಣೆಯ ಈ ಹೋಲಿಕೆ ಸಹಜವಾಗಿಯೇ ಹಿಡಿಸುತ್ತದೆ. 1691ರಲ್ಲಿ ಇಂಗ್ಲೆಂಡಿನ ವೈದ್ಯ ಹ್ಯಾವರ್ಸ್ ಕೀಲಿನೊಳಗಿನ ಈ ಲೋಳೆಯನ್ನು ಕುರಿತು ವಿವರವಾಗಿ ಬರೆದನು. ಅದರ ಕೆಲಸ ಜಾರಿಸುವುದಷ್ಟೇ ಅಲ್ಲ. ಎಲುಬಿನ ತುದಿಗಳನ್ನು ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆಯುವಾಗ ಒತ್ತಿ ಬಿಟ್ಟಂತೆಲ್ಲ ಈ ದ್ರವವೇ ಅದರೊಳಗೆ ಸೇರಿ ಅದನ್ನು ಪೋಷಿಸುತ್ತದೆ.