ಸೋರಿದ ರಕ್ತ ಮರಳಿ ಮೈಗೆ

ರಕ್ತನಿಧಿಯಿಲ್ಲದ ಊರಿನ ಆಸ್ಪತ್ರೆಗೆ ರಾತ್ರಿ ಒಬ್ಬ ಹೆಂಗಸನ್ನು ಕರೆತಂದಿದ್ದಾರೆ ಎಂದುಕೊಳ್ಳಿ. ಗರ್ಭಕೋಶದಲ್ಲಿ ಬೆಳೆಯಬೇಕಾದ ಭ್ರೂಣ ಅಂಡನಾಳದಲ್ಲಿ ಬೆಳೆದು ನಾಳವೇ ಒಡೆದಿದೆ. ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ 2 ಲೀಟರ್ ಹೊಟ್ಟೆಯೊಳಗೇ ಸೋರಿದೆ. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಆಕೆ ಉಳಿಯುವುದು ಕಷ್ಟ; ರಕ್ತ ಕೊಡದೆ ಮಾಡಿದರೂ ಅಪಾಯ. ವೈದ್ಯರು ಏನು ಮಾಡಬೇಕು?

ಜರ್ಮನಿಯ ವೈದ್ಯ ಥೀಸ್ 1914ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು. ಇಂಥದೇ ಸ್ಥಿತಿಯಲ್ಲಿದ್ದ ಮೂವರು ಮಹಿಳೆಯರಿಗೆ ಅವರ ಹೊಟ್ಟೆಯಲ್ಲಿ ನಿಂತಿದ್ದ ರಕ್ತವನ್ನೇ ಅವರು ಮರಳಿ ಕೊಟ್ಟರು. ತನ್ನದೇ ರಕ್ತವಾದ್ದರಿಂದ ಗುಂಪು ಹೊಂದಿಸುವ ತೊಂದರೆಯಿಲ್ಲ, ಬೇರೆಯವರ ಸೋಂಕು ತಗಲುವ ಭಯವೂ ಇಲ್ಲ.

1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತ ಶೇಖರಿಸಿಡುವ ವಿಭಾಗ ತೆರೆದು ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ದಾನಿಗಳ ರಕ್ತ ಸುಲಭವಾಗಿ ಸಿಗತೊಡಗಿದ ದೇಶಗಳಲ್ಲಿ ಹಳೆಯ ಉಪಾಯ ಹಿಂದೆ ಸರಿಯಿತು. ಆಫ್ರಿಕದ ಸಣ್ಣ ಆಸ್ಪತ್ರೆಗಳಲ್ಲಿ ಮಾತ್ರ ಅದು ಕೈಬಿಡಲಾಗದ ಆಸರೆಯಾಗಿ ಉಳಿಯಿತು. 1980ರ ದಶಕದಲ್ಲಿ ಏಡ್ಸ್ ಕಾಣಿಸಿಕೊಂಡ ಮೇಲೆ ಶ್ರೀಮಂತ ದೇಶಗಳೂ ಮತ್ತೆ ಅದರತ್ತ ನೋಡಿದವು.

ವಿಧಾನ ಸರಳ. ಕುದಿಸಿ ಶುದ್ಧಗೊಳಿಸಿದ ಸೌಟಿನಿಂದ ರಕ್ತವನ್ನು ಮೊಗೆದು, ಹಲವು ಪದರದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸಿ ಶಿರೆಯ ಮೂಲಕ ಹರಿಸುವುದು. ಆದರೆ ಕರುಳು ಒಡೆದು ಕಲ್ಮಷ ಸೇರಿದ ರಕ್ತಕ್ಕೆ ಇದು ಸಲ್ಲದು.

ನಮ್ಮ ದೇಶದಲ್ಲಿ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹಣಕ್ಕೆ ರಕ್ತ ಮಾರುವ ಪದ್ಧತಿಯನ್ನು ಎರಡು ವರ್ಷದೊಳಗೆ ಕೊನೆಗೊಳಿಸಬೇಕು, ಪರವಾನಗಿಯಿಲ್ಲದೆ ರಕ್ತನಿಧಿ ನಡೆಸಬಾರದು ಎಂದು ಆದೇಶಿಸಿತು. ರೋಗಿಗಳ ಸುರಕ್ಷತೆಗೆ ಅದು ಅಗತ್ಯವಾಗಿತ್ತು. ಆದರೆ ಪರವಾನಗಿಗೆ ಬೇಕಾದ ಸೌಕರ್ಯವಿಲ್ಲದ ಹಳ್ಳಿಯ ಆಸ್ಪತ್ರೆಗೆ ರಕ್ತ ಇನ್ನಷ್ಟು ದೂರವಾಯಿತು. ಅಲ್ಲಿನ ಶಸ್ತ್ರವೈದ್ಯರಿಗೆ ರೋಗಿಯ ಸ್ವಂತ ರಕ್ತದ ಬೆಲೆ ಹೆಚ್ಚಿತು.

ಇದರಿಂದ ರಕ್ತದಾನ ಬೇಡವೆಂದಾಗುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವದಂಥ ಸಂದರ್ಭಗಳಲ್ಲಿ ದಾನಿಯ ರಕ್ತ ಬೇಕೇ ಬೇಕು. ಆದ್ದರಿಂದ ನಿಮ್ಮ ತಾಲ್ಲೂಕು ಆಸ್ಪತ್ರೆಯ ಮಾತು ಬಂದಾಗ, ರಕ್ತನಿಧಿ ಎಷ್ಟು ದೂರವಿದೆ ಎಂದು ಕೇಳಿ; ರಕ್ತ ಬರುವವರೆಗೆ ರೋಗಿಯನ್ನು ಉಳಿಸುವ ಈ ವಿಧಾನದಲ್ಲಿ ಅಲ್ಲಿನವರಿಗೆ ತರಬೇತಿ ಸಿಕ್ಕಿದೆಯೇ ಎಂದೂ ವಿಚಾರಿಸಿ.