ಸೇಫ್ಟಿ ಕ್ಯಾಚ್ ಇಲ್ಲದ ಪಿಸ್ತೂಲು

ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯುವವರಿಗೆ ಎರಡು ಭಯ. ಬೇಡದಾಗ ಗುಂಡು ಹಾರಬಾರದು, ಬೇಕಾದಾಗ ಹಾರದಿರಬಾರದು. ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಕ್ಯಾಚ್ ಮೊದಲನೆಯ ಭಯವನ್ನು ಕಳೆಯುತ್ತದೆ. ಆದರೆ ಗಾಬರಿಯಲ್ಲಿ ಅದನ್ನು ಸರಿಸಲು ಮರೆತರೆ?

ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿದ, ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲಿಗೆ ಈ ಕ್ಯಾಚ್ ಬಂದದ್ದು ಅಶ್ವದಳದ ಬೇಡಿಕೆಯಿಂದ. ಲಗಾಮು ಹಿಡಿದ ಸವಾರನಿಗೆ ಉಳಿಯುವುದು ಒಂದೇ ಕೈ ತಾನೆ! ಪೊಲೀಸರ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಅದು ಇರಲಿಲ್ಲ. ಟ್ರಿಗರಿನ ದೀರ್ಘ, ಬಿಗಿಯಾದ ಎಳೆತವೇ ಅಲ್ಲಿ ರಕ್ಷಣೆ.

ಪರದೆಯ ಸರಳು, ಚಾಕುಗಳನ್ನು ತಯಾರಿಸುತ್ತಿದ್ದ ಆಸ್ಟ್ರಿಯದ ಗ್ಯಾಸ್ಟನ್ ಗ್ಲಾಕ್ ರಿವಾಲ್ವರಿನ ಈ ಸರಳತೆಯನ್ನು ಪಿಸ್ತೂಲಿಗೆ ತಂದರು. 1982ರಲ್ಲಿ ಆ ದೇಶದ ಸೈನ್ಯ ಆಯ್ದುಕೊಂಡ 'ಗ್ಲಾಕ್ 17'ರಲ್ಲಿ ಹೆಬ್ಬೆರಳಿಗೆ ಕೆಲಸವಿಲ್ಲ. ಟ್ರಿಗರಿನ ನಡುವೆ ಪುಟ್ಟ ನಾಲಗೆಯೊಂದಿದೆ. ಅದನ್ನು ಒತ್ತದೆ ಟ್ರಿಗರ್ ಹಿಂದೆ ಸರಿಯದು. ಗುಂಡನ್ನು ಸಿಡಿಸುವ ಮೊಳೆಗೆ ಒಳಗೊಂದು ಅಡ್ಡತಡೆ. ಟ್ರಿಗರ್ ಎಳೆದಾಗ ಮಾತ್ರ ಅದು ಮೇಲೇಳುತ್ತದೆ. ಆದ್ದರಿಂದ ಪಿಸ್ತೂಲು ಕೈಜಾರಿ ಬಿದ್ದರೂ ಮೊಳೆ ಜಡತ್ವದಿಂದ ಮುಂದಕ್ಕೆ ಚಿಮ್ಮದು.

ಆದರೆ ನಾಲಗೆಯನ್ನು ಒತ್ತಿದ್ದು ಬೆರಳೋ ಜಾಕೆಟಿನ ದಾರವೋ ಎಂಬುದು ಯಂತ್ರಕ್ಕೆ ತಿಳಿಯುವುದೆಂತು? ಇಂಥ ಪಿಸ್ತೂಲನ್ನು ಆಯುವವರು ಒರೆಯನ್ನೂ ಅಷ್ಟೇ ಎಚ್ಚರದಿಂದ ಆಯಬೇಕು. ಅದು ಗಟ್ಟಿಯಾಗಿದ್ದು, ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಬರಿಯ ಜೇಬು, ಕೈಚೀಲ ಸಾಲವು.

ನ್ಯೂಯಾರ್ಕ್ ನಗರದ ಪೊಲೀಸರು ಬೇರೆ ದಾರಿ ಹಿಡಿದರು. ಸುಮಾರು 2.5 ಕಿಲೋಗ್ರಾಂ ತೂಕದಷ್ಟು ಬಲ ಸಾಕಾಗುತ್ತಿದ್ದ ಟ್ರಿಗರಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿಸಿ, ಆ ಬಲವನ್ನು 5.4ರ ಆಸುಪಾಸಿಗೆ ಏರಿಸಿದರು. ಆಕಸ್ಮಿಕವಾಗಿ ಎಳೆಯುವುದು ಕಷ್ಟವಾಯಿತು, ನಿಜ. ಆದರೆ ನಳಿಗೆ ಅಲುಗದಂತೆ ಗುರಿಯಿಡುವುದೂ ಕಷ್ಟವಾಯಿತು.