ಹಳೆ ಬಟ್ಟೆ ತೊಟ್ಟರೆ ಚರ್ಮರೋಗ ಬರುತ್ತದೆಯೇ? ತೊಳೆದು, ಹೊಲಿದು ಬಳಸುವುದು ಹೇಗೆ?

“ಬೇರೆಯವರು ತೊಟ್ಟ ಬಟ್ಟೆ ಮುಟ್ಟಬೇಡಿ, ರೋಗ ಬರುತ್ತದೆ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಹಸುಗೂಸನ್ನು ಸುತ್ತುವುದು ಅಜ್ಜಿಯ ಹಳೆ ಸೀರೆಯಲ್ಲೇ. ಇವೆರಡರಲ್ಲಿ ಯಾವುದು ಸರಿ? ನೋಡೋಣ.

ಭಯದಲ್ಲಿ ನಿಜವೆಷ್ಟು?

ಸ್ವಲ್ಪ ನಿಜವಿದೆ. ಹುಳುಕಡ್ಡಿ ತರುವ ಶಿಲೀಂಧ್ರದ ಕಣಗಳು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಹೊಲಿಗೆಯ ಸಂದಿಯಲ್ಲಿ ತಿಗಣೆ ಅಡಗಿರಬಹುದು. ತುರಿಕಜ್ಜಿಯ ನುಸಿಯೂ ಬಟ್ಟೆಯಿಂದ ಅಂಟಬಹುದು. ಆದರೆ ಮನುಷ್ಯರ ಮೈಬಿಟ್ಟರೆ ಅದು ಸಾಮಾನ್ಯವಾಗಿ 2-3 ದಿನಕ್ಕಿಂತ ಹೆಚ್ಚು ಬದುಕದು. ಎಚ್‌ಐವಿ ಮಾತ್ರ ಬಟ್ಟೆಯಿಂದ ಹರಡುವುದೇ ಇಲ್ಲ.

ಅಂದರೆ ತೊಂದರೆ ಇರುವುದು ಬಟ್ಟೆ ಹಳೆಯದು ಎಂಬುದರಲ್ಲಲ್ಲ, ಸರಿಯಾಗಿ ತೊಳೆಯದಿರುವುದರಲ್ಲಿ.

ತೊಳೆಯುವುದು ಹೇಗೆ?

ಇವೆಲ್ಲಕ್ಕೂ ಶತ್ರು ಬಿಸಿ. ವಾಷಿಂಗ್ ಮೆಷಿನ್ ಇದ್ದರೆ ಹತ್ತಿ ಬಟ್ಟೆಯನ್ನು 60 ಡಿಗ್ರಿಯಲ್ಲಿ ತೊಳೆಯಿರಿ. ಇಲ್ಲದಿದ್ದರೆ ಸ್ಟೀಲ್ ಬಕೆಟ್‌ನಲ್ಲಿ ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ. ನೀರು ಸುಮಾರು 75 ಡಿಗ್ರಿ ಇರುತ್ತದೆ. ಸೋಪಿನ ಪುಡಿ ಹಾಕಿ, ಬಟ್ಟೆಯನ್ನು ಕೋಲಿನಿಂದ ಮುಳುಗಿಸಿ ಅರ್ಧ ಗಂಟೆ ಮುಚ್ಚಿಡಿ. ಮಕ್ಕಳು ಹತ್ತಿರ ಬಾರದಂತೆ ನೋಡಿಕೊಳ್ಳಿ. ಆಮೇಲೆ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹರವಿ. ರೇಷ್ಮೆ, ಉಣ್ಣೆಗೆ ಇದು ಬೇಡ. ಅವನ್ನು ಡ್ರೈಕ್ಲೀನ್‌ಗೆ ಕೊಡಿ.

ಕತ್ತರಿಸುವ ಮೊದಲೇ ಹೀಗೆ ತೊಳೆಯಿರಿ. ಬಟ್ಟೆ ಕುಗ್ಗುವುದಿದ್ದರೆ ಆಗಲೇ ಕುಗ್ಗಿ, ಹೊಲಿದ ಮೇಲೆ ಅಳತೆ ಕೆಡುವುದಿಲ್ಲ.

ಯಾವ ಬಟ್ಟೆ ಎಂದು ತಿಳಿಯಿರಿ

ಅಂಚಿನಿಂದ ಒಂದೇ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಮೇಣದಬತ್ತಿಗೆ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ.

ಈ ಪರೀಕ್ಷೆ ಏಕೆ ಮುಖ್ಯ? ಹಳೆ ಸೀರೆ, ಚೂಡಿದಾರವನ್ನು ಮಡಿಸಿ ಹೊಲಿದು ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡಿಕೊಳ್ಳುವವರು ಬಹಳ. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಯಲ್ಲಿ ಕರಗುತ್ತದೆ. ಉರಿಯ ಮೇಲೆ ಬರಿದಾಗಿ ಕಾದ ತವೆ ಆ ಬಿಸಿ ಮುಟ್ಟಬಲ್ಲದು. ಕರಗಿದ ಬಟ್ಟೆ ಕೈಗೆ ಅಂಟಿದರೆ ಸುಟ್ಟಗಾಯ ಆಳವಾಗುತ್ತದೆ. ಅಡುಗೆಮನೆಗೆ ಹತ್ತಿಯನ್ನೇ, ನಾಲ್ಕಾರು ಪದರವಾಗಿ ಬಳಸಿ.

ಸುಲಭವಾದ ಮೂರು ಹೊಲಿಗೆ

1. ಶರ್ಟಿನಿಂದ ಕುಶನ್ ಕವರ್: ಗುಂಡಿ ಹಾಕಿದ ಶರ್ಟನ್ನು ಒಳಮೈ ಹೊರಗೆ ಮಾಡಿ ಹಾಸಿ. ಗುಂಡಿಪಟ್ಟಿ ನಡುವೆ ಬರುವಂತೆ ಎರಡೂ ಪದರ ಸೇರಿಸಿ 17 ಇಂಚಿನ ಚೌಕ ಕತ್ತರಿಸಿ. ನಡುವಿನ ಎರಡು ಗುಂಡಿ ಬಿಚ್ಚಿಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ನಾಲ್ಕೂ ಕಡೆ ಹೊಲಿದು ತಿರುಗಿಸಿ. 16 ಇಂಚಿನ ಕವರ್ ಸಿದ್ಧ, ಜಿಪ್ ಬೇಕಿಲ್ಲ.

2. ಟೀ ಶರ್ಟಿನಿಂದ ಕೈಚೀಲ: ತೋಳು, ಕುತ್ತಿಗೆಪಟ್ಟಿ ಕತ್ತರಿಸಿ ತೆಗೆದು ಕೆಳಬಾಯಿಯನ್ನು ಎರಡು ಸಾಲು ಹೊಲಿಯಿರಿ. ಭುಜಗಳೇ ಹಿಡಿಕೆ. ಕೈಯಲ್ಲಿ ಹೊಲಿಯುವವರು ಪ್ರತಿ ಸಲ ಸೂಜಿಯನ್ನು ತುಸು ಹಿಂದಕ್ಕೆ ಚುಚ್ಚಿ ಮುಂದೆ ತೆಗೆದರೆ ಭಾರಕ್ಕೆ ಬಿಚ್ಚುವುದಿಲ್ಲ.

3. ಚೂರುಗಳಿಂದ ಕೌದಿ: ಉಳಿದ ತುಂಡುಗಳನ್ನು ಹಳೆ ಸೀರೆಯ ಮೇಲೆ ಜೋಡಿಸಿ, ಸಾಲುಸಾಲಾಗಿ ಉದ್ದಕ್ಕೂ ಹೊಲಿಯಿರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹುಟ್ಟುವುದೇ ಹೀಗೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳಂತೂ ಹೆಸರುವಾಸಿ.

ನೆನಪಿಡಿ

ತುರಿಕೆ, ಉಂಗುರದಂಥ ಕೆಂಪು ಗುರುತು ಕಂಡರೆ ಬಟ್ಟೆಯನ್ನು ದೂರುತ್ತ ಕೂರಬೇಡಿ, ಅಂಗಡಿಯಲ್ಲಿ ಸಿಕ್ಕ ಮುಲಾಮನ್ನೂ ಹಚ್ಚಬೇಡಿ. ಸ್ಟೆರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯನ್ನು ಇನ್ನಷ್ಟು ಹರಡಿಸುತ್ತದೆ. ಚರ್ಮವೈದ್ಯರಿಗೆ ತೋರಿಸಿ.

“ಹಳೆ ಬಟ್ಟೆ ಮುಟ್ಟಬೇಡಿ” ಎಂಬ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು “ಬಿಸಿನೀರಲ್ಲಿ ತೊಳೆದು ತೊಡಿ” ಎಂದು ಉತ್ತರ ಕಳಿಸಿ.